ಪಾಸಿಂಗ್‌ಗೆ ಎರಡು ಅಂಕ

ಎತ್ತರದವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಮಾಡಿದ ತಪ್ಪಿಗೆ ಅರ್ಧ ಕಾರಣ ಇದೇ. ನಾನಿರುವುದು ಐದಡಿ ಒಂದಿಂಚು. ಹೊಳೆನರಸೀಪುರದಲ್ಲಿ ಪೂಜೆ, ಪಂಚಾಂಗ, ಮೇಷ್ಟ್ರಗಿರಿ ಬಿಟ್ಟು ಬೇರೇನೂ ಗೊತ್ತಿಲ್ಲದ ಮನೆಯಲ್ಲಿ ಹುಟ್ಟಿ, ಚೂಡಿದಾರಕ್ಕೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬ್ಯಾಸ್ಕೆಟ್‌ಬಾಲ್ ಆಡಿದವಳು. ನಮ್ಮಪ್ಪ ಸಾಯುವ ತನಕ ಅದನ್ನು 'ಆ ಬುಟ್ಟಿ ಆಟ' ಅಂತಲೇ ಕರೆಯುತ್ತಿದ್ದರು. ತಂಡದಲ್ಲಿ ನಾನು ಗಾರ್ಡ್. ಅಂದರೆ ಚೆಂಡನ್ನು ಕೋರ್ಟಿನ ಆ ತುದಿಯಿಂದ ಕುಟ್ಟಿಕೊಂಡು ಬಂದು, ರಿಂಗಿನ ಹತ್ತಿರ ನಿಂತ ಉದ್ದನೆಯ ಹುಡುಗಿಯ ಕೈಗೆ ಕೊಡುವ ಕೆಲಸ. ಕೊಟ್ಟವಳೇ ನಾನು ರಿಂಗಿನ ಕಡೆಗೆ ಓಡುತ್ತಿದ್ದೆ, ವಾಪಸ್ ಕೊಡುತ್ತಾಳೆ ಅನ್ನುವ ಆಸೆಯಲ್ಲಿ. ಹತ್ತು ವರ್ಷ ಹಾಗೆ ಓಡಿದೆ. ಒಬ್ಬಳೂ ಕೊಡಲಿಲ್ಲ. ಚೆಂಡು ಸಿಕ್ಕಿದ ಕೂಡಲೇ ಅವರಿಗೆ ರಿಂಗು ಬಿಟ್ಟು ಬೇರೆ ಪ್ರಪಂಚವೇ ಕಾಣುತ್ತಿರಲಿಲ್ಲ.

ಈಗ ನನಗೆ ಐವತ್ತೆರಡು. ಹಾಸನದಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ. ವರ್ಷಕ್ಕೊಮ್ಮೆ ಕ್ರೀಡಾ ಹಾಸ್ಟೆಲಿಗೆ ಹುಡುಗರನ್ನು ಆರಿಸುವಾಗ ಅಂಕ ಹಾಕುವ ಇಬ್ಬರಲ್ಲಿ ನಾನೊಬ್ಬಳು. ಅಂಕದ ಹಾಳೆಯನ್ನು ತಯಾರಿಸಿದವಳೂ ನಾನೇ. ಓಟಕ್ಕೆ, ನೆಗೆತಕ್ಕೆ, ಶೂಟಿಂಗ್‌ಗೆ ಒಂದೊಂದು ಕಾಲಂ ಇದೆ. ಕೊನೆಯದು ಪಾಸಿಂಗ್. ಹತ್ತಕ್ಕೆ ನಾಲ್ಕಕ್ಕಿಂತ ಕಡಿಮೆ ಬಂದರೆ ಉಳಿದದ್ದು ಎಷ್ಟೇ ಇರಲಿ, ಹಾಸ್ಟೆಲಿಗೆ ಹೆಸರು ಹೋಗುವುದಿಲ್ಲ. ಆ ನಿಯಮವೂ ನನ್ನದೇ, ಯಾವ ಸಿಟ್ಟಿನಲ್ಲಿ ಮಾಡಿದ್ದು ಅಂತ ಈಗ ನಿಮಗೆ ಗೊತ್ತಾಗಿರುತ್ತದೆ. ರಿಂಗಿನ ಹತ್ತಿರ ನಿಲ್ಲುವ ಎತ್ತರದ ಹುಡುಗನ ಕೈಗೆ ಚೆಂಡು ಹೋದರೆ ಎದುರಾಳಿಗಳು ಇಬ್ಬರೋ ಮೂವರೋ ಬಂದು ಅವನನ್ನು ಮುತ್ತುತ್ತಾರೆ. ಹಾಗೆ ಮುತ್ತಿದರು ಅಂದರೆ ಅವನ ಕಡೆಯವನೊಬ್ಬ ಎಲ್ಲೋ ಒಂಟಿಯಾಗಿ ನಿಂತಿದ್ದಾನೆ ಅಂತಲೇ ಅರ್ಥ. ಅವನನ್ನು ಕಂಡು, ಅವನ ಕೈಗೆ ಚೆಂಡು ಮುಟ್ಟಿಸಬೇಕು. ನನಗೆ ಬೇಕಾದದ್ದು ಇಷ್ಟೆ.

ಅಂಕ ಹಾಕುವ ಇನ್ನೊಬ್ಬರು ಅರಕಲಗೂಡಿನ ನಿವೃತ್ತ ಪಿ.ಟಿ. ಮೇಷ್ಟ್ರು. ನನಗೂ ಅವರಿಗೂ ಎಣ್ಣೆ ಸೀಗೆಕಾಯಿ. ನಾನು ಎರಡು ಅಂದರೆ ಅವರು ಐದು ಅನ್ನುತ್ತಾರೆ, ನಾನು ಕೂಗಿದರೆ ಅವರು ಕಡ್ಲೆಕಾಯಿ ಸುಲಿಯುತ್ತಾ ಕೂರುತ್ತಾರೆ. ಆದರೂ ಹದಿನೈದು ವರ್ಷದಿಂದ ಜೊತೆಯಲ್ಲೇ ಅಂಕ ಹಾಕುತ್ತಿದ್ದೇವೆ.

ಆ ಶನಿವಾರ ಚನ್ನರಾಯಪಟ್ಟಣದ ಕಡೆಯಿಂದ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಬಂದರು. ಹುಡುಗ ಆರಡಿ ಐದಿಂಚು. ಬಸ್ಸಿನಲ್ಲಿ ಬಗ್ಗಿ ನಿಂತು ಅಭ್ಯಾಸವಾಗಿ ಬಯಲಿನಲ್ಲೂ ಕುತ್ತಿಗೆ ತಗ್ಗಿಸಿಯೇ ನಡೆಯುತ್ತಿದ್ದ. ಹದಿನೇಳು ವರ್ಷ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ, ಇದೇ ಅವನ ಕೊನೆಯ ಅವಕಾಶ. ಅವರ ಊರಿನ ಹೈಸ್ಕೂಲಿನಲ್ಲಿ ಒಂದೇ ಒಂದು ರಿಂಗು, ಅದಕ್ಕೂ ಬಲೆಯಿಲ್ಲವಂತೆ. ತಾಯಿ ಬಂದವರೇ ಒಂದು ಚೀಲ ತೆಂಗಿನಕಾಯಿಯನ್ನು ನನ್ನ ಮೇಜಿನ ಪಕ್ಕದಲ್ಲಿ ಇಳಿಸಿದರು.

"ಇದೇನಮ್ಮ, ಎತ್ತಿ ಮೊದಲು" ಅಂದೆ. "ಆಯ್ಕೆ ನಡೆಯೋ ಜಾಗದಲ್ಲಿ ಇದೆಲ್ಲ ತರಬಾರದು."

"ಅಯ್ಯೋ, ಅಂಗಲ್ಲ ಮೇಡಂ" ಅಂದರು ಆಕೆ, ಮುಖ ಸಣ್ಣದು ಮಾಡಿಕೊಂಡು. "ಮನೇಲಿ ಇಷ್ಟೊಂದು ಕಾಯಿ ಇಟ್ಕಂಡು ಬರೀ ಕೈಯಾಗೆ ಎಂಗ್ ಬರಾದು ಅಂತ."

ಮೇಷ್ಟ್ರು ಚೀಲದ ಕಡೆ ಆಸೆಯಿಂದ ನೋಡುತ್ತಿದ್ದರು. ನಾನು ಅವರನ್ನು ಗುರಾಯಿಸಿದೆ. ತಾಯಿ ಚೀಲ ಎತ್ತಿಕೊಂಡು ಹೋಗಿ ಮೆಟ್ಟಿಲಿನ ಮೇಲೆ, ಎಲ್ಲರಿಗಿಂತ ದೂರದಲ್ಲಿ ಕೂತರು.

ಹುಡುಗ ಓಡಿದ, ನೆಗೆದ. ಬೋರ್ಡಿಗೆ ಬಡಿದು ಬಂದ ಚೆಂಡುಗಳನ್ನೆಲ್ಲ ಗಾಳಿಯಲ್ಲೇ ಒಂದೇ ಕೈಯಲ್ಲಿ ಹಿಡಿದ. ಅಂಥ ಅಂಗೈಯನ್ನು ನಾನು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಮೇಷ್ಟ್ರು ಕಡ್ಲೆಕಾಯಿ ಪೊಟ್ಟಣವನ್ನು ಕೆಳಗಿಟ್ಟು ನೋಡತೊಡಗಿದರು. ನನಗೂ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಐದೈದು ಜನರ ಆಟ ಶುರುವಾಯಿತು. ಹಾಸನದ ಹುಡುಗರು ಇವನಿಗೆ ಚೆಂಡು ಕೊಟ್ಟರು. ಇವನು ಹಿಡಿದುಕೊಂಡು ನಿಂತ. ಇಬ್ಬರು ಬಂದು ಮುತ್ತಿದರು. ಎಡಗಡೆ ಒಬ್ಬ ಹುಡುಗ ಒಂಟಿಯಾಗಿ ನಿಂತಿದ್ದ, ಕುರುಡರಿಗೂ ಕಾಣುವಷ್ಟು. ಇವನು ಅವನನ್ನು ನೋಡಿದ, ಖಂಡಿತ ನೋಡಿದ, ನಾನು ಅವನ ಕಣ್ಣನ್ನೇ ಗಮನಿಸುತ್ತಿದ್ದೆ. ಆದರೆ ಕೊಡಲಿಲ್ಲ. ಚೆಂಡನ್ನು ತಲೆಯ ಮೇಲೆತ್ತಿ ಹಿಡಿದು ಕಂಬದ ಹಾಗೆ ನಿಂತ, ಸಮಯ ಮೀರಿ ವಿಸಿಲ್ ಆಯಿತು.

"ಪಾಸ್ ಕೊಡೋ" ಅಂತ ಕೂಗಿದೆ.

"ಸರಿ ಮೇಡಂ" ಅಂದ. ಮುಂದಿನ ಸಲವೂ ಹಾಗೇ ನಿಂತ. ಅದರ ಮುಂದಿನ ಸಲವೂ ಅದೇ ಕಥೆ. ಎರಡು ಮೂರು ಸಲ ಹೀಗಾದ ಮೇಲೆ ಹಾಸನದ ಹುಡುಗರು ಇವನಿಗೆ ಚೆಂಡು ಕೊಡುವುದನ್ನೇ ಬಿಟ್ಟರು. ನನ್ನ ಸಿಟ್ಟು ನೆತ್ತಿಗೇರಿತು. ಅದೇ ಹಳೆಯ ಉದ್ದನೆಯವರ ಜಾತಿ, ಸಿಕ್ಕಿದ್ದನ್ನು ಬಿಡದ ಜಾತಿ ಅಂದುಕೊಂಡು ಪಾಸಿಂಗ್ ಕಾಲಮ್ಮಿನಲ್ಲಿ ಪೆನ್ನು ಒತ್ತಿ ಎರಡು ಅಂತ ಬರೆದೆ.

ಮೇಷ್ಟ್ರು ಇಣುಕಿ ನೋಡಿದರು. "ಎರಡೇಯಾ? ಕೈ ನೋಡಿದ್ರಾ ಮೇಡಂ ಅವನ್ದು?"

"ಕೈ ಇದ್ದರೆ ಆಯ್ತಾ? ಬಿಡೋಕೆ ಬರಬೇಡವಾ?"

"ಅದೇನೋ ದಿಟ" ಅಂದರು ಮೇಷ್ಟ್ರು. "ಅವನ ಪಾಸು ನಮ್ಮ ಬೂವನಹಳ್ಳಿ ಏರ್‌ಪೋರ್ಟ್ ಇದ್ದಂಗೆ. ಬತ್ತೈತೆ ಬತ್ತೈತೆ ಅಂತ ಕಾಯ್ತಾನೇ ಇರ್ಬೇಕು." ಹಾಗಂದವರು ತಮ್ಮ ಹಾಳೆಯಲ್ಲಿ ಮಾತ್ರ ಐದು ಹಾಕಿದರು. ಇಬ್ಬರ ಅಂಕವೂ ನಾಲ್ಕು ಮುಟ್ಟಬೇಕು ಅನ್ನುವುದು ನಿಯಮ. ನನ್ನ ಎರಡಕ್ಕೆ ಅವರ ಐದು ಏನೂ ಮಾಡುವಂತಿರಲಿಲ್ಲ.

ಭಾನುವಾರವೂ ಅದೇ ಆಯಿತು. ಮಧ್ಯಾಹ್ನ ಒಂದು ಗಂಟೆಗೆ, ಇನ್ನೂ ಒಂದು ಆಟ ಬಾಕಿ ಇರುವಾಗ ಹುಡುಗ ನನ್ನ ಮುಂದೆ ಬಂದು ನಿಂತ.

"ಮೇಡಂ, ನಾನು ಓಗ್ಬೋದಾ? ಮನೆ ತಾವ ಲಾರಿ ಬತ್ತೈತೆ, ಕಾಯಿ ತುಂಬ್ಬೇಕು."

ಕೊನೆಯ ಅವಕಾಶ ಇರುವ ಹುಡುಗ ಆಯ್ಕೆ ಬಿಟ್ಟು ಲಾರಿ ತುಂಬಲು ಹೋಗುತ್ತಾನಂತೆ. "ಧಾರಾಳವಾಗಿ ಹೋಗಪ್ಪ" ಅಂದೆ. ನನ್ನ ದನಿಯಲ್ಲಿದ್ದ ವ್ಯಂಗ್ಯ ಅವನಿಗೆ ತಿಳಿಯಲಿಲ್ಲ. ಥ್ಯಾಂಕ್ಸ್ ಮೇಡಂ ಅಂತ ಹೇಳಿ ತಾಯಿಯ ಜೊತೆ ಬಸ್‌ಸ್ಟ್ಯಾಂಡಿನ ಕಡೆ ಹೊರಟ. ತೆಂಗಿನಕಾಯಿಯ ಚೀಲ ಅವನ ಹೆಗಲ ಮೇಲಿತ್ತು.

ನನ್ನದೊಂದು ಹಟ ಇದೆ. ಬೇಡ ಅನ್ನುವುದನ್ನು ಮುಖ ನೋಡಿಯೇ ಹೇಳಬೇಕು. ಹದಿನಾರನೇ ವಯಸ್ಸಿನಲ್ಲಿ ನಾನು ರಾಜ್ಯ ತಂಡದ ಪಟ್ಟಿಯನ್ನು ನೋಟಿಸ್ ಬೋರ್ಡಿನಲ್ಲಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದ್ದೆ. ನನ್ನ ಹಿಂದೆ ನಿಂತಿದ್ದವರೆಲ್ಲ ನಾನು ಓದುವುದನ್ನೇ ನೋಡುತ್ತಿದ್ದರು. ಆ ಅವಮಾನ ನನ್ನ ಕೈಯಿಂದ ಯಾವ ಮಗುವಿಗೂ ಆಗಬಾರದು ಅಂತ ತೀರ್ಮಾನ ಮಾಡಿದ್ದೇನೆ. ಪಟ್ಟಿ ಹಾಕುವುದು ಸೋಮವಾರ ಮಧ್ಯಾಹ್ನ. ಅದಕ್ಕೆ ಮೊದಲು ಹೋಗಿ ಹೇಳಿ ಬರೋಣ ಅಂತ ಭಾನುವಾರ ಮೂರು ಗಂಟೆಗೆ ಕಾರು ತೆಗೆದೆ. ಚನ್ನರಾಯಪಟ್ಟಣ ದಾಟಿ ಶ್ರವಣಬೆಳಗೊಳದ ರಸ್ತೆಗೆ ತಿರುಗಿದರೆ ಮುಂದೆ ಯಾತ್ರಿಕರ ಬಸ್ಸೊಂದು ತೆವಳುತ್ತಿತ್ತು. ಅದರ ಹಿಂದೆ ನಾನೂ ತೆವಳುತ್ತಾ, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೆ. ಎತ್ತರ ಒಂದೇ ಸಾಲದಪ್ಪ. ಇದು ಹಂಚಿಕೊಂಡು ಆಡುವ ಆಟ. ಬೇಜಾರು ಮಾಡಿಕೊಳ್ಳಬೇಡ.

ಮನೆ ಹುಡುಕುವುದು ಕಷ್ಟವಾಗಲಿಲ್ಲ, ಮುಂದೆ ಲಾರಿ ನಿಂತಿತ್ತು. ಕಾರನ್ನು ಹುಣಸೆಮರದ ಕೆಳಗೆ ನಿಲ್ಲಿಸಿ ಇಳಿದೆ. ಯಾರೂ ನನ್ನನ್ನು ಗಮನಿಸಲಿಲ್ಲ, ಎಲ್ಲರಿಗೂ ಕೈ ತುಂಬ ಕೆಲಸ.

ಅಂಗಳದ ನಡುವೆ ಸುಲಿದ ಕಾಯಿಯ ದೊಡ್ಡ ರಾಶಿ. ಹುಡುಗ ಲಾರಿಗೆ ಬೆನ್ನು ಮಾಡಿ ರಾಶಿಯ ಮುಂದೆ ನಿಂತಿದ್ದ. ಲಾರಿಯ ಮೇಲೆ ಅವನ ಅಪ್ಪ. ಎಡಗಡೆ ಆಳೊಬ್ಬ ಗೋಣಿಚೀಲ ಹಿಡಿದುಕೊಂಡಿದ್ದ. ಬಲಗಡೆ ಜಗಲಿಯ ಹತ್ತಿರ ತಾಯಿ ಕೂತಿದ್ದರು. ಹುಡುಗ ಬಗ್ಗಿ ಎರಡು ಕೈಗೆ ಎರಡು ಕಾಯಿ ತೆಗೆದುಕೊಂಡು ಒಂದಕ್ಕೊಂದು ಕುಟ್ಟುತ್ತಿದ್ದ. ಆ ಸದ್ದಿನಲ್ಲೇ ಅವನಿಗೆ ಕಾಯಿಯ ಗುಣ ತಿಳಿಯುತ್ತಿತ್ತು. ದಪ್ಪನೆಯ ಗಟ್ಟಿ ಕಾಯಿ ಲಾರಿಗೆ, ಸಣ್ಣದು ಚೀಲಕ್ಕೆ, ಬಿರುಕು ಬಿಟ್ಟದ್ದು ತಾಯಿಯ ಕಡೆಗೆ. ಮೂರು ದಿಕ್ಕಿಗೂ ಅವನೇ ಎಸೆಯುತ್ತಿದ್ದ, ತಿರುಗಿ ನೋಡದೆ. ಲಾರಿಯ ಮೇಲಿಂದ "ಊಂ" ಅನ್ನುವ ದನಿ ಬರುತ್ತಿತ್ತು, ಇವನ ಕಾಯಿ ಹೆಗಲ ಮೇಲಿಂದ ಹಿಂದಕ್ಕೆ ಹೋಗುತ್ತಿತ್ತು. ಎಡಗಡೆಯಿಂದ "ಊಂ", ಸೊಂಟದ ಮಟ್ಟದಲ್ಲಿ ಒಂದು ಕಾಯಿ ಆ ಕಡೆಗೆ. ತಾಯಿ "ಊಂ" ಅಂದರೆ ಕಾಯಿ ಮೆತ್ತಗೆ ಉರುಳಿಕೊಂಡು ಹೋಗಿ ಅವರ ಮಡಿಲ ಹತ್ತಿರವೇ ನಿಲ್ಲುತ್ತಿತ್ತು. ಒಂದೂ ತಪ್ಪಲಿಲ್ಲ.

ಒಮ್ಮೆ ಆಳು ಬೀಡಿ ಹಚ್ಚಲು ಪಕ್ಕಕ್ಕೆ ತಿರುಗಿದ, "ಊಂ" ಅನ್ನಲಿಲ್ಲ. ಹುಡುಗ ಕಾಯಿಯನ್ನು ಎತ್ತಿ ಹಿಡಿದು ಹಾಗೇ ನಿಂತ. ಬೆಳಗ್ಗೆ ನಾನು ನೋಡಿದ ಅದೇ ಕಂಬ. ಬೀಡಿ ಹತ್ತಿತು, ಆಳು "ಊಂ" ಅಂದ, ಕಾಯಿ ಹೋಯಿತು.

ಹಾಸನದ ಕೋರ್ಟಿನಲ್ಲಿ ಯಾರೂ ಇವನನ್ನು ಕೂಗಿ ಕೇಳಿರಲಿಲ್ಲ. ಪೇಟೆಯ ಹುಡುಗರು ಕೈಯನ್ನಷ್ಟೇ ಎತ್ತುತ್ತಾರೆ, ಅದನ್ನು ಕಲಿಸಿದವಳು ನಾನೇ.

ಅಷ್ಟರಲ್ಲಿ ತಾಯಿ ನನ್ನನ್ನು ಕಂಡು ಸೆರಗು ಸರಿಪಡಿಸಿಕೊಂಡು ಓಡಿ ಬಂದರು. ಜಗಲಿಯ ಮೇಲೆ ಕೂರಿಸಿ ಕಾಫಿ ತಂದುಕೊಟ್ಟರು. ನಾನು ಲಾರಿಯ ಕಡೆಯೇ ನೋಡುತ್ತಿದ್ದೆ. ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಹುಡುಗ ಎಸೆದ ಕಾಯಿಗಳೆಲ್ಲ ಅಪ್ಪನ ಎಡಗಡೆಗೇ ಹೋಗುತ್ತಿದ್ದವು, ಒಂದಾದರೂ ಬಲಕ್ಕೆ ಹೋಗುತ್ತಿರಲಿಲ್ಲ.

"ಯಾಕೆ ಎಡಗಡೆಗೇ ಎಸೀತಾನೆ?" ಅಂತ ಕೇಳಿದೆ.

"ಅವ್ರಿಗೆ ಬಲಗಣ್ಣು ಕಾಣಾಕಿಲ್ಲ ಮೇಡಂ" ಅಂದರು ತಾಯಿ. ಆಮೇಲೆ ದನಿ ತಗ್ಗಿಸಿದರು. "ಇವ್ನಿಗೆ ಅತ್ತು ವರ್ಸ ಆಗ. ಇಂಗೇ ಕಾಯಿ ತುಂಬ್ತಿದ್ರು. ಅವ್ರು ಟವಲ್ ತಕ್ಕಳಾಕೆ ಅಂತ ಬಗ್ಗಿ ಏಳೋವತ್ಗೆ ಇವನು ಎಸ್ದ್‌ಬುಟ್ಟ. ಕಣ್ಣಿಗೇ ಬಿತ್ತು. ಮೂರು ದಿನ ಅನ್ನ ಮುಟ್ನಿಲ್ಲ ಇವನು. ಆವತ್ತಿಂದ ಎದ್ರುಗಿರೋರು ಊಂ ಅನ್ನಗಂಟ ಕೈಯಾಗಿರೋದ್ನ ಬಿಡಾಕಿಲ್ಲ. ಕಾಯೇ ಆಗ್ಲಿ, ಚೆಂಡೇ ಆಗ್ಲಿ."

ಕಾಫಿ ಲೋಟವನ್ನು ಕೆಳಗಿಟ್ಟೆ. ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತುಗಳು ನೆನಪಾಗಿ ನನ್ನ ಮೇಲೆ ನನಗೇ ಅಸಹ್ಯವಾಯಿತು. ಹಂಚಿಕೊಂಡು ಆಡುವುದನ್ನು ಈ ಹುಡುಗನಿಗೆ ನಾನು ಹೇಳಿಕೊಡಲು ಬಂದಿದ್ದೆ.

"ನಾಳೆ ಬೆಳಗ್ಗೆ ಎಂಟಕ್ಕೆ ಇವನನ್ನ ಹಾಸನಕ್ಕೆ ಕಳಿಸಿ" ಅಂದೆ.

"ಆಯ್ತಾ ಮೇಡಂ ಅವನ್ದು?"

"ಆಗಿಲ್ಲ. ಆಗದೇನೂ ಇರಬಹುದು. ಕಳಿಸಿ."

ಹೊರಡುವಾಗ ಅದೇ ಚೀಲ ಮತ್ತೆ ನನ್ನ ಕಾರಿನ ಹತ್ತಿರ ಬಂತು. ಪಟ್ಟಿ ಆಗುವ ತನಕ ಬೇಡವೇ ಬೇಡ ಅಂತ ಬಾಗಿಲು ಹಾಕಿಕೊಂಡೆ.

ಸೋಮವಾರ ಬೆಳಗ್ಗೆ ಮೇಷ್ಟ್ರು ಅರಕಲಗೂಡಿನಿಂದ ಮೊದಲನೇ ಬಸ್ಸಿಗೇ ಬಂದಿದ್ದರು. ಹಾಸನದ ನಾಲ್ಕು ಜನ ಹುಡುಗರನ್ನು ಫೋನ್ ಮಾಡಿ ಎಬ್ಬಿಸಿ ಕರೆಸಿದ್ದೆ. ಹುಡುಗನ ಜೊತೆ ತಾಯಿಯ ಬದಲು ಅಪ್ಪ ಬಂದಿದ್ದರು. ಅವರು ಮೆಟ್ಟಿಲಿನ ಮೇಲೆ ಸ್ವಲ್ಪ ಓರೆಯಾಗಿ, ಎಡಗಣ್ಣು ಕೋರ್ಟಿನ ಕಡೆಗೆ ಬರುವ ಹಾಗೆ ಕೂತರು.

"ಇವತ್ತು ಯಾರಿಗೆ ಚೆಂಡು ಬೇಕೋ ಅವರು ಊಂ ಅನ್ನಿ" ಅಂತ ಹುಡುಗರಿಗೆ ಹೇಳಿದೆ. ಅವರು ಮುಖ ಮುಖ ನೋಡಿಕೊಂಡು ಕಿಸಕ್ಕನೆ ನಕ್ಕರು. "ನಗೋದೇನೋ ಅದರಲ್ಲಿ? ಬಾಯಲ್ಲಿ ಏನಾದರೂ ಇಟ್ಕೊಂಡಿದ್ದೀರಾ? ಅನ್ನಿ."

ಮೊದಲು ಅಂದವನು ನಾಚಿಕೆಯಿಂದ, ತನಗೇ ಕೇಳದಷ್ಟು ಮೆಲ್ಲಗೆ ಅಂದ. ಅವನು ಬಾಯಿ ಮುಚ್ಚುವ ಮೊದಲೇ ಚೆಂಡು ಬಂದು ಎದೆಗೆ ಬಡಿಯಿತು. ತಯಾರಿರಲಿಲ್ಲ, ಬಿಟ್ಟುಬಿಟ್ಟ. ಎರಡನೆಯವನು ಹಿಡಿದ. ಆಮೇಲೆ ಅವರಿಗೇ ರುಚಿ ಹತ್ತಿತು. ಮೂಲೆಯಿಂದ ಒಬ್ಬ ಅಂದ, ಬೆನ್ನ ಹಿಂದಿನಿಂದ ಒಬ್ಬ ಅಂದ, ಓಡುತ್ತಲೇ ಒಬ್ಬ ಅಂದ. ಎಲ್ಲಿಂದ ಅಂದರೂ ಚೆಂಡು ಅವರ ಕೈಯೊಳಗೆ ಹೋಗಿ ಕೂರುತ್ತಿತ್ತು. ಎಡಗೈಯವನಿಗೆ ಎಡಗೈಗೇ ಹೋಯಿತು. ಅದನ್ನು ಇವನು ಎರಡು ದಿನದಲ್ಲಿ ಸುಮ್ಮನೆ ನೋಡಿಯೇ ತಿಳಿದುಕೊಂಡಿದ್ದ.

ಮೇಷ್ಟ್ರು ನನ್ನ ಕಿವಿಯ ಹತ್ತಿರ ಬಗ್ಗಿದರು. ಅವರೇ ಐದು ಹಾಕಿದವರು, ಈಗ ಅವರೇ ಕೊಕ್ಕೆ ತೆಗೆದರು. "ಚೆನ್ನಾಗೈತೆ ಮೇಡಂ. ಆದ್ರೆ ಎದುರು ಟೀಮ್ನೋರಿಗೂ ಕಿವಿ ಐತಲ್ಲ."

ಮಾತು ಸರಿಯಾಗಿತ್ತು. ಕೂಗಿದರಷ್ಟೇ ಕೊಡುವವನನ್ನು ಎದುರಾಳಿಗಳು ಒಂದೇ ದಿನದಲ್ಲಿ ಹಿಡಿದುಹಾಕುತ್ತಾರೆ. ನಾನು ಪೆನ್ನನ್ನು ಮೇಜಿನ ಮೇಲಿಟ್ಟು ಕೋರ್ಟಿಗೆ ಇಳಿದೆ.

"ನಾನು ನಿನಗೆ ಚೆಂಡು ಕೊಟ್ಟು ರಿಂಗಿನ ಕಡೆ ಓಡ್ತೀನಿ. ಬಾಯಿ ಬಿಡಲ್ಲ. ನನ್ನ ನೋಡಿ ಕೊಡಬೇಕು ನೀನು."

ಅವನ ಮುಖದ ಬಣ್ಣ ಹೋಯಿತು. ಕೊಟ್ಟೆ, ಓಡಿದೆ. ಅವನು ನನ್ನನ್ನು ನೋಡಿದ, ಚೆಂಡು ತಲೆಯ ಮೇಲೇ ಉಳಿಯಿತು. ಮತ್ತೆ ಓಡಿದೆ, ಮತ್ತೆ ಅಷ್ಟೇ. ಮೂರನೆಯ ಸಲಕ್ಕೆ ನನ್ನ ಮಂಡಿ ನೋಯತೊಡಗಿತು.

"ಒಂದೇ ಒಂದ್ಸಲ ಊಂ ಅನ್ನಿ ಮೇಡಂ" ಅಂದ. ಬೇಡಿಕೊಳ್ಳುವ ದನಿ ಅದು. ಅನ್ನಬೇಕು ಅಂತ ನನಗೂ ಅನಿಸಿತು, ತುಟಿಯವರೆಗೆ ಬಂದಿತ್ತು. ಹಲ್ಲು ಕಚ್ಚಿ ಸುಮ್ಮನಿದ್ದೆ. ಒಮ್ಮೆ ಅಂದುಬಿಟ್ಟರೆ ಅವನ ಹೆಸರನ್ನು ಪಟ್ಟಿಗೆ ಹಾಕಲು ನನಗೆ ಮುಖವಿರುತ್ತಿರಲಿಲ್ಲ.

ಆಗ ಮೆಟ್ಟಿಲಿನ ಮೇಲಿಂದ ಅಪ್ಪ ಎದ್ದು ನಿಂತರು.

"ಎಸಿ ಮಗ" ಅಂದರು. "ಅವ್ರು ನಿನ್ನೇ ನೋಡ್ತಾವ್ರೆ. ಆವತ್ತು ನಾನು ನೋಡ್ತಿರ್ನಿಲ್ಲ ಕಣ್ಲಾ. ತಪ್ಪು ನಂದು, ನಿಂದಲ್ಲ."

ಏಳು ವರ್ಷದಲ್ಲಿ ಆ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ ಅನ್ನುವುದು ಹುಡುಗನ ಮುಖ ನೋಡಿದರೇ ತಿಳಿಯುತ್ತಿತ್ತು. ಅವನು ಅಪ್ಪನ ಕಡೆ ನೋಡಿದ. ಆಮೇಲೆ ತೋಳಿನಿಂದ ಮುಖ ಒರೆಸಿಕೊಂಡು ಚೆಂಡನ್ನು ನನಗೆ ವಾಪಸ್ ಉರುಳಿಸಿ, ಬಾಯಿ ಬಿಡದೆ ತಲೆಯಾಡಿಸಿದ. ಇನ್ನೊಂದು ಸಲ ಅಂತ.

ಕೊಟ್ಟೆ, ಓಡಿದೆ. ಮೂವತ್ತೈದು ವರ್ಷದ ಹಿಂದೆ ಹೇಗೆ ಓಡುತ್ತಿದ್ದೆನೋ ಹಾಗೆ, ಕೈಯನ್ನು ಮುಂದೆ ಚಾಚಿ. ರಿಂಗು ಎರಡು ಹೆಜ್ಜೆ ಇರುವಾಗ ಚೆಂಡು ಬಂತು. ಸದ್ದಿಲ್ಲದೆ ಬಂತು. ಇಬ್ಬರು ಹುಡುಗರ ನಡುವಿನ ಸಂದಿನಿಂದ ಸರಿಯಾಗಿ ನನ್ನ ಎರಡು ಕೈಗೆ ಬಂತು. ತೆಂಗಿನಕಾಯಿಯ ಭಾರಕ್ಕೆ ಒಗ್ಗಿದ ತೋಳು, ವೇಗ ಸ್ವಲ್ಪ ಜಾಸ್ತಿಯೇ ಇತ್ತು, ನನ್ನ ಬಲಗೈಯ ಕಿರುಬೆರಳು ಹಿಂದಕ್ಕೆ ಮಡಚಿತು. ಹಾಗೇ ನೆಗೆದು ರಿಂಗಿಗೆ ಹಾಕಿದೆ. ಚೆಂಡು ಅಂಚಿಗೆ ಬಡಿದು ಆಚೆ ಬಿತ್ತು. ಮೇಷ್ಟ್ರು ಜೋರಾಗಿ ನಕ್ಕರು. ನನಗೆ ಅಳು ಬಂದಿತ್ತು, ಬಂದರೆ ಬರಲಿ ಅಂತ ಬಿಟ್ಟೆ. ಹತ್ತು ವರ್ಷ ಕಾದ ಪಾಸು ಅದು.

ಇಷ್ಟು ವರ್ಷದಲ್ಲಿ ನಾನು ಎರಡು ಅಂತ ಬರೆದ ಹುಡುಗರಲ್ಲಿ ಎಷ್ಟು ಜನ ಹೀಗೇ ಏನಕ್ಕೋ ಕಾಯುತ್ತಾ ನಿಂತಿದ್ದರೋ. ಅದನ್ನು ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ. ನಾಲ್ಕು ಅಂಕದ ಆ ನಿಯಮವನ್ನು ಅದೇ ವಾರ ಹಾಳೆಯಿಂದ ತೆಗೆದುಹಾಕಿದೆ.

ಹುಡುಗ ದಾಪುಗಾಲು ಹಾಕಿಕೊಂಡು ನನ್ನ ಹತ್ತಿರ ಬಂದ. ಕಣ್ಣು ನನ್ನ ಕೈಯ ಮೇಲೇ ಇತ್ತು.

"ಮೇಡಂ, ಏಟು ಬಿತ್ತಾ? ಬೆರಳಿಗೆ ಏನಾರ ಆಯ್ತಾ?"

"ಏನೂ ಆಗಲಿಲ್ಲ ಕಣೋ" ಅಂದೆ, ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು. "ಇನ್ನೂ ಜೋರಾಗೇ ಎಸಿ ಬೇಕಾದರೆ. ಹೋಗು, ಅಪ್ಪನಿಗೆ ಹೇಳು, ಪಟ್ಟಿಯಲ್ಲಿ ಹೆಸರಿರುತ್ತೆ ಅಂತ."

ಅವನು ಮೆಟ್ಟಿಲಿನ ಕಡೆಗೆ ಓಡಿದ. ಅವನು ಪೂರ್ತಿ ತಿರುಗುವ ತನಕ ಕಾದು, ಆಮೇಲೆ ಮೇಜಿನ ಹತ್ತಿರ ಹೋದೆ. ಕಿರುಬೆರಳು ಆಗಲೇ ಊದಿಕೊಂಡಿತ್ತು, ಪೆನ್ನು ಹಿಡಿಯಲು ಆಗಲಿಲ್ಲ. ಹಾಳೆಯನ್ನು ಮೇಷ್ಟ್ರ ಕಡೆಗೆ ತಳ್ಳಿದೆ.

"ಆ ಎರಡನ್ನ ಹೊಡೆದುಹಾಕಿ ನೀವೇ ಆರು ಅಂತ ಬರೀರಿ" ಅಂದೆ. "ಬೆರಳಿನ ವಿಷಯ ಅವನಿಗೆ ಹೇಳಬೇಡಿ."